ಯತೀಮಖಾನೆಯ ಮೂರು ಕಾರ್ಡುಗಳು

"ಏಳು ಇಲ್ಲ. ಹತ್ತೊಂಬತ್ತು ಇಲ್ಲ. ಮೂವತ್ತೊಂದೂ ಇಲ್ರಿ."

ಫೌಜದಾರ ಗುರುಲಿಂಗಯ್ಯ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ತಗಡಿನ ಬಿಸ್ಕೀಟು ಡಬ್ಬಿಯೊಳಗಿನ ಕಾರ್ಡುಗಳನ್ನು ಮೂರನೆಯ ಸಲ ಎಣಿಸಿ ಮುಗಿಸಿದ. ನಲವತ್ಮೂರು ಇರಬೇಕಾದಲ್ಲಿ ನಲವತ್ತಿದ್ದವು. ಎದುರಿಗೆ ಗೋಡೆಗೆ ಒರಗಿ ನಿಂತಿದ್ದ ನೂರಜಹಾನ್ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು.

ಹನ್ನೊಂದು ದಿನದ ಹಿಂದೆ ಇವಳ ತಂದೆ ಅಬ್ದುಲ್ ಕರೀಮ್ ಸಾಹೇಬರ ಹೆಣ ಶಹಾಬಾದಿನ ಹಳೆಯ ಫರಸಿಕಲ್ಲಿನ ಖಣಿಯ ನೀರಿನಲ್ಲಿ ತೇಲಿದ್ದನ್ನು ಓದುಗರು ಮರೆತಿರಲಾರರು.

ವಾಡಿ ಜಂಕ್ಷನ್ನಿನಲ್ಲಿ ಪಾರ್ಸಲ್ ಗುಮಾಸ್ತರಾಗಿದ್ದ ಆ ಮನುಷ್ಯನಿಗೆ ಲೋಕದಲ್ಲಿ ಯಾರಿಗೂ ಇಲ್ಲದ ಒಂದು ಹುಚ್ಚಿತ್ತು. ಭೀಮೆ, ಕಾಗಿಣೆಯ ದಂಡೆಗಳಲ್ಲಿರುವ ಹಳೆಯ ಕಲ್ಲು, ಶಾಸನ, ಗುಡಿ, ಗುಮ್ಮಟಗಳ ಬಗ್ಗೆ ಯಾರು, ಯಾವ ಪುಸ್ತಕದ ಯಾವ ಪುಟದಲ್ಲಿ, ಏನು ಬರೆದಿದ್ದಾರೆ ಎಂದು ಪಟ್ಟಿ ಮಾಡುವುದು. ಉರ್ದು, ಕನ್ನಡ, ಮರಾಠಿ, ಇಂಗ್ಲಿಷು ಯಾವುದಾದರೂ ಸರಿ. ಒಂದು ಬರಹಕ್ಕೆ ಒಂದು ಕಾರ್ಡು. ಇಪ್ಪತ್ತೆರಡು ವರ್ಷದಲ್ಲಿ ಹನ್ನೊಂದು ಸಾವಿರ ಕಾರ್ಡುಗಳಾಗಿ, ಚಹಾ ಪೆಟ್ಟಿಗೆಯ ಹಲಗೆಯಿಂದ ಮಾಡಿಸಿದ ಹದಿನೆಂಟು ಖಾನೆಗಳು ತುಂಬಿ, ಮನೆಯಲ್ಲಿ ತಂದೆ ಮಗಳು ಕಾಲು ಚಾಚಿ ಮಲಗಲು ಜಾಗವಿಲ್ಲದಂತಾಗಿತ್ತು.

ಧಾರವಾಡದಿಂದ, ಪುಣೆಯಿಂದ, ಹೈದರಾಬಾದಿನಿಂದ ವಿದ್ವಾಂಸರು ಜವಾಬಿ ಕಾರ್ಡು ಬರೆದು ಕೇಳುತ್ತಿದ್ದರು. ಇಂಥ ಶಿಲ್ಪದ ಬಗ್ಗೆ ಎಲ್ಲಿ ಬಂದಿದೆ? ನಾಲ್ಕೇ ದಿನದಲ್ಲಿ ಉತ್ತರ ಹೋಗುತ್ತಿತ್ತು. ಯಾರು ಕೇಳಿದರು, ಯಾವತ್ತು ಕೇಳಿದರು ಎಂಬುದನ್ನು ಕರೀಮ್ ಸಾಹೇಬರು ಅದೇ ಕಾರ್ಡಿನ ಹಿಂಬದಿಗೆ ಬರೆದಿಡುತ್ತಿದ್ದರು. ಇಷ್ಟು ಅಚ್ಚುಕಟ್ಟು ಪೊಲೀಸ್ ಠಾಣೆಯಲ್ಲಿದ್ದಿದ್ದರೆ ತನ್ನ ಅರ್ಧ ಕೂದಲು ಬೆಳ್ಳಗಾಗುತ್ತಿರಲಿಲ್ಲ ಎಂದುಕೊಂಡ ಗುರುಲಿಂಗಯ್ಯ.

"ಈ ಡಬ್ಬಿ ಯಾಕ ಬ್ಯಾರೆ ಇಟ್ಟಾರ ಬಾಯಾರ?"

ನೂರಜಹಾನ್ ಉರ್ದು ಶಾಲೆಯ ಶಿಕ್ಷಕಿ. ಮೂವತ್ನಾಲ್ಕು ವರ್ಷದವಳು, ಮಾತು ಕಡಿಮೆ.

"ಅಬ್ಬಾ ಅದಕ್ಕ ಯತೀಮಖಾನಾ ಅಂತಿದ್ರು. ಅನಾಥಾಶ್ರಮ. ಅದರಾಗಿರೂ ಕಲ್ಲಿನ ಬಗ್ಗೆ ಎಲ್ಲೋ ಒಂದೆರಡು ಸಾಲು ಅಚ್ಚಾಗಿರ್ತದ, ಫೋಟೋ ಮಾತ್ರ ಯಾರೂ ಛಾಪಿಸಿಲ್ಲ. ಫೋಟೋ ಇಲ್ಲದ ಕಲ್ಲು ಕಳುವಾದ್ರ ನಂದಂತ ಹೇಳಾಕ ದಿಕ್ಕಿಲ್ಲ ಅಂತಿದ್ರು. ಯಾರರೆ ಕ್ಯಾಮೆರಾ ಇದ್ದವ್ರು ಬಂದ್ರ ಹೋಗಿ ತಗೀಲಿ ಅಂತ, ಕಲ್ಲು ಎಲ್ಲದ, ಹ್ಯಾಂಗ ಹೋಗಬೇಕು ಅನ್ನೋದನ್ನೂ ಬರದಿಟ್ಟಾರ."

ಒಂದು ವರ್ಷದಲ್ಲಿ ಮೂರು ಕಲ್ಲುಗಳು ಮಾಯವಾಗಿದ್ದವು. ಸನ್ನತಿಯ ಹತ್ತಿರ ಹೊಲದ ಬದುವಿನಲ್ಲಿದ್ದ, ದಂಪತಿಯನ್ನು ಕೆತ್ತಿದ ಸುಣ್ಣಗಲ್ಲಿನ ಫಲಕ ಒಂದು. ಮಳಖೇಡದ ಕೋಟೆಯ ಹಿಂದಿನದು ಇನ್ನೊಂದು, ಆಡಕಿಯ ಬಾವಿಕಟ್ಟೆಯದು ಮತ್ತೊಂದು. ಡಬ್ಬಿಯಲ್ಲಿ ಇಲ್ಲದ ಮೂರು ಕಾರ್ಡುಗಳು ಇವುಗಳವೇ. ಮೂರಕ್ಕೂ ಎಲ್ಲಿಯೂ ಫೋಟೋ ಇರಲಿಲ್ಲ. ಯಾವ ಕಲ್ಲಿಗೆ ಫೋಟೋ ಇಲ್ಲ ಎಂದು ಹೇಳಬಲ್ಲ ಜಾಗ ಜಿಲ್ಲೆಗೆಲ್ಲ ಒಂದೇ, ಈ ಬಿಸ್ಕೀಟು ಡಬ್ಬಿ. ಹೀಗಾಗಿ ಗುರುಲಿಂಗಯ್ಯನ ಮೇಲಧಿಕಾರಿ ಸರ್ಕಲ್ ಸಾಹೇಬರು ಲೆಕ್ಕ ಹಾಕಿ ಮುಗಿಸಿದ್ದರು: ಮುದುಕ ಕಳ್ಳರಿಗೆ ಗುಟ್ಟು ಹೇಳಿದ, ಸಿಕ್ಕಿಬೀಳುತ್ತೇನೆಂದು ಕಾರ್ಡು ಹರಿದುಹಾಕಿದ, ಖಣಿಗೆ ಹಾರಿದ. ನಾಳೆ ಸಂಜೆಯೊಳಗೆ ಫೈಲು ಮುಚ್ಚಬೇಕು.

ನೂರಜಹಾನ್ ಗೂಡಿನಿಂದ ಒಂದು ಲಕೋಟೆ ತೆಗೆದು ಅವನ ಮುಂದಿಟ್ಟಳು. ಹದಿನೆಂಟು ಖಾನೆಗಳನ್ನೂ ತಾವೇ ಒಯ್ದು, ಕರೀಮ್ ಸಾಹೇಬರ ಹೆಸರಿನಲ್ಲಿ ಪುಸ್ತಕ ಮಾಡಿ ಅಚ್ಚು ಹಾಕಿಸುತ್ತೇವೆಂದು ಒಪ್ಪಿಕೊಂಡಿದ್ದ ವಿಶ್ವವಿದ್ಯಾಲಯವೊಂದು ಈಗ ನಾಲ್ಕೇ ಸಾಲು ಬರೆದಿತ್ತು. ತನಿಖೆಯಲ್ಲಿರುವ ವ್ಯಕ್ತಿಯ ಸಂಗ್ರಹವನ್ನು ಸ್ವೀಕರಿಸಲು ಬರುವುದಿಲ್ಲ, ವಿಷಾದಿಸುತ್ತೇವೆ.

"ಸಾಹೇಬ್ರ, ಅಬ್ಬಾ ಹ್ಯಾಂಗ ಸತ್ರು ಅಂತ ನಾ ಕೇಳಂಗಿಲ್ಲ. ಸತ್ತವ್ರು ಬರಂಗಿಲ್ಲ. ಅವರು ಚೋರ ಅಲ್ಲ ಅಂತ ಸರಕಾರಿ ಕಾಗದದ ಮ್ಯಾಲ ಬರೀರಿ. ನನಗ ಅಷ್ಟು ಸಾಕು."

ಗುರುಲಿಂಗಯ್ಯ ಕಾಗದವನ್ನು ಲಕೋಟೆಗೆ ಮರಳಿ ಹಾಕಿದ. ಪೊಲೀಸನಿಗೆ ಕರುಳಿರಬಾರದೆಂದು ಇಲಾಖೆಯ ನಿಯಮವೇನೂ ಇಲ್ಲ, ಇದ್ದರೆ ನೌಕರಿ ಕಷ್ಟ, ಅಷ್ಟೇ. ಡಬ್ಬಿಯನ್ನು ತನ್ನ ಚೀಲಕ್ಕೆ ಹಾಕಿಕೊಂಡು ಎದ್ದ.

"ಈ ಯತೀಮಖಾನಾದ ಸುದ್ದಿ ಯಾರ್ಯಾರಿಗೆ ಗೊತ್ತದ?"

"ಅಬ್ಬಾ, ನಾನು, ಸೇಡಂದ ಜಗದೇವಪ್ಪ ಮಾಸ್ತರು. ಮಾಸ್ತರ ಹತ್ರ ಕ್ಯಾಮೆರಾ ಅದ. ಮೊದಲೆಲ್ಲಾ ಒಂದೊಂದೇ ಕಾರ್ಡು ಒಯ್ದು ಫೋಟೋ ತಗದುಕೊಂಡು ಬರ್ತಿದ್ರು. ಈಗ ಏಳೆಂಟು ವರ್ಷ ಆತು, ಬಿಟ್ಟಾರ."

*

ಮಧ್ಯಾಹ್ನದ ಪ್ಯಾಸೆಂಜರು ಸೇಡಂ ಮುಟ್ಟುವ ಹೊತ್ತಿಗೆ ಗುರುಲಿಂಗಯ್ಯನ ಅಂಗಿ ಬೆನ್ನಿಗೆ ಅಂಟಿತ್ತು. ಮಾರ್ಚಿನ ಬಿಸಿಲು ಆ ಕರಿಯ ನೆಲದ ಮೇಲೆ ಯಾರ ಮುಲಾಜೂ ಇಟ್ಟುಕೊಳ್ಳುವುದಿಲ್ಲ.

ಜಗದೇವಪ್ಪ ನಿವೃತ್ತ ಡ್ರಾಯಿಂಗ್ ಮಾಸ್ತರು. ಬಿಳಿ ಧೋತರ, ಹಣೆಯ ತುಂಬ ವಿಭೂತಿ, ಮಗುವಿನಂಥ ನಗು. ಫೌಜದಾರನನ್ನು ಕಂಡ ಕೂಡಲೇ ಎದ್ದು ಕೈ ಹಿಡಿದುಕೊಂಡರು.

"ಬರ್ರಿ, ಕುಂದ್ರಿ. ಕರೀಮ್ ಸಾಹೇಬರು ಹೋದ ಸುದ್ದಿ ಕೇಳಿದಾಗಿಂದ ಹೊಟ್ಟಿಗೆ ಅನ್ನ ಸೇರವಲ್ದು. ನಾವಿಬ್ರೂ ನಿಜಾಮರ ಕಾಲದಾಗ ಒಂದೇ ಮದರಸಾದಾಗ ಕಲ್ತವ್ರು. ನಾ ಉರ್ದು ಕಲ್ತದ್ದು ಆತನ ಪಾಟಿ ನೋಡಿ ಬರದು."

ಹೇಳುತ್ತಲೇ ಅತ್ತರು. ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡರು. ಒಳಗಿನಿಂದ ಅವರ ಹೆಂಡತಿ ಮಜ್ಜಿಗೆ ತಂದಿಟ್ಟು ಹೋದಳು.

"ಕಡೀಕ ಯಾವಾಗ ಭೆಟ್ಟಿ ಆಗಿದ್ರಿ?" ಗುರುಲಿಂಗಯ್ಯ ಕೇಳಿದ.

"ದೀಪಾವಳಿ ಪಾಡ್ಯಾದ ದಿನ. ಆಮ್ಯಾಲ ಮೊಣಕಾಲು ಹಿಡಕೊಂಡ್ವು ನೋಡ್ರಿ, ವಾಡಿ ಕಡಿ ಹೆಜ್ಜಿ ಹಾಕಿಲ್ಲ. ನಾಕು ತಿಂಗಳಾತು."

"ಯತೀಮಖಾನಾದಾಗಿನ ಮೂರು ಕಾರ್ಡು ಕಾಣವಲ್ಲವು ಮಾಸ್ತರ. ಯಾರು ತಗದಿರಬೇಕು?"

ಜಗದೇವಪ್ಪ ಮಜ್ಜಿಗೆಯ ಲೋಟವನ್ನು ಕೈಗೆತ್ತಿಕೊಂಡರು. ಹೇಳಲೋ ಬೇಡವೋ ಎಂದು ತೂಗಿ ನೋಡುವವರಂತೆ ಎರಡು ಸಲ ಬಾಯಿ ತೆರೆದು ಮುಚ್ಚಿದರು.

"ಗೆಳ್ಯಾನ ಮನೀ ಮಾತು, ಹೊರಗ ಹಾಕಬಾರದು ಅಂತಿದ್ದೆ. ಆತಗ ಕಣ್ಣು ಕಾಣ್ತಿರಲಿಲ್ಲ ಸಾಹೇಬ್ರ. ಎರಡು ವರ್ಷ ಮಂಜು ಮಂಜು ಇತ್ತು. ಈಗಂತೂ ಪೂರಾ ಕತ್ತಲ. ಹಗಲ್ಯಾವುದು, ರಾತ್ರಿ ಯಾವುದು ಅನ್ನೋ ಫರಕು ಸುದ್ದಾ ತಿಳೀತಿರಲಿಲ್ಲ."

ಗುರುಲಿಂಗಯ್ಯನ ಕೈಯ ಲೋಟ ನಿಂತಿತು. ಹೆಣದ ಜೇಬಿನಲ್ಲಿ ಸಿಕ್ಕ ಕನ್ನಡಕವನ್ನು ಅವನೇ ಪಂಚನಾಮೆಯಲ್ಲಿ ಬರೆಸಿದ್ದ. ಕುರುಡನೊಬ್ಬ ಕನ್ನಡಕ ಇಟ್ಟುಕೊಂಡು ಓಡಾಡುತ್ತಿದ್ದನೆಂದು ಅವನಿಗೆ ಹೊಳೆದಿರಲಿಲ್ಲ.

"ಹಂಗಾದ್ರ ಎರಡು ವರ್ಷದಿಂದ ಜವಾಬು ಬರೀತಿದ್ದವ್ರು ಯಾರು?"

"ಮನ್ಯಾಗ ಇನ್ಯಾರದಾರ? ನನ್ನ ಮಗಳಿದ್ದಂಗ ಆಕಿ. ನನ್ನ ಬಾಯಿಂದ ಹೇಳಸಬ್ಯಾಡ್ರಿ. ಆಕಿನ್ನೇ ಕೇಳ್ರಿ."

ವಾಪಸು ಬರುವ ದಾರಿಯುದ್ದಕ್ಕೂ ಗುರುಲಿಂಗಯ್ಯನ ತಲೆಯಲ್ಲಿ ಒಂದೇ ಪ್ರಶ್ನೆ. ಕಣ್ಣಿಲ್ಲದ ಮುದುಕ ವಾಡಿಯಲ್ಲಿ ರೈಲು ಹತ್ತಿ, ಶಹಾಬಾದಿನಲ್ಲಿ ಇಳಿದು, ಕಲ್ಲುಚೂರಿನ ಗುಡ್ಡೆಗಳ ನಡುವೆ ಒಂದು ಮೈಲಿ ನಡೆದು, ಆ ಖಣಿಯ ಅಂಚಿಗೆ ಒಬ್ಬನೇ ಹೋಗಲು ಸಾಧ್ಯವೇ? ಯಾರೋ ಕೈ ಹಿಡಿದು ಕರೆದುಕೊಂಡು ಹೋಗಿದ್ದಾರೆ. ತಂದೆಯ ಕೈ ಹಿಡಿಯುವವರು ಮಗಳಲ್ಲದೆ ಇನ್ನಾರು?

ಯೋಚನೆ ಬಂದದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು. ಆದರೂ ಮರುದಿನ ಮುಂಜಾನೆ ಅವಳ ಶಾಲೆಗೆ ಹೋಗಿ ಹಾಜರಿ ಪುಸ್ತಕ ತರಿಸಿದ. ಕರೀಮ್ ಸಾಹೇಬರು ಸತ್ತ ದಿನ ನೂರಜಹಾನ್ ಹತ್ತಕ್ಕೆ ಬಂದು ಐದಕ್ಕೆ ಹೋಗಿದ್ದಳು. ಎರಡೂ ಸಹಿ ಇದ್ದವು. ಅಂದು ಶಾಲಾ ಇನ್ಸ್‌ಪೆಕ್ಟರರು ಬಂದಿದ್ದರು, ನಾಲ್ಕನೇ ಇಯತ್ತೆಗೆ ಅವಳು ಪಾಠ ಮಾಡುವುದನ್ನು ಹಿಂದಿನ ಬೆಂಚಿನಲ್ಲಿ ಕೂತು ನೋಡಿದ್ದರು ಎಂದು ಮುಖ್ಯೋಪಾಧ್ಯಾಯರು ತಾವಾಗಿಯೇ ಹೇಳಿದರು. ಮಧ್ಯಾಹ್ನದ ನಮಾಜಿಗೆ ಕರೀಮ್ ಸಾಹೇಬರನ್ನು ಕಂಡವರಿದ್ದರು, ಸಂಜೆ ಐದರೊಳಗೆ ಹೆಣ ಸಿಕ್ಕಿತ್ತು.

ಗುರುಲಿಂಗಯ್ಯ ಶಾಲೆಯ ನಲ್ಲಿಯ ಕೆಳಗೆ ಮುಖ ತೊಳೆದುಕೊಂಡ. ಅವನಿಗೆ ಅಷ್ಟು ಹಗುರವಾಗಿತ್ತು.

*

ಹಗುರವಾದ ಮನಸ್ಸು ಹೆಚ್ಚು ಹೊತ್ತು ಉಳಿಯಲಿಲ್ಲ.

ತಂದೆ ಹೋದಾಗಿನಿಂದ ರಜೆಯಲ್ಲಿದ್ದ ನೂರಜಹಾನ್ ಮನೆಯ ಬಾಗಿಲು ತೆರೆದಾಗ ಅವಳ ಕಣ್ಣುಗಳು ಬಾತುಕೊಂಡಿದ್ದವು. ರಾತ್ರಿಯಿಡೀ ಅತ್ತ ಹೆಣ್ಣು ಎಂದು ಯಾರಾದರೂ ಹೇಳಬಹುದಿತ್ತು. ಅವನು ಕೂರುವ ಮೊದಲೇ ಕೇಳಿದಳು:

"ಗೊತ್ತಾತಲ್ರಿ, ಅಬ್ಬಾನ ಕಣ್ಣು?"

"ಆತು. ಜವಾಬು ನೀವೇ ಬರೀತಿದ್ರಿ."

"ಹೌದ್ರಿ. ಎರಡು ವರ್ಷದಿಂದ." ಖಾನೆಗಳ ಕಡೆ ನೋಡುತ್ತ ನೆಲದ ಮೇಲೆ ಕುಳಿತಳು. "ಅಬ್ಬಾ ಹೇಳ್ತಿದ್ರು, ನಾ ಬರೀತಿದ್ದೆ. ಅವರದೊಂದು ಕಾಯದೆ ಇತ್ತು. ಕೇಳಿದವ್ರಿಗೆ ಪುಸ್ತಕ ಹೇಳು, ಪುಟ ಹೇಳು, ಫೋಟೋ ಅದನೋ ಇಲ್ಲೋ ಹೇಳು. ಹಾದಿ ಮಾತ್ರ ಹೇಳಬ್ಯಾಡ. ಮನೀಗಿ ಬಂದು, ಎದುರಿಗೆ ಕುಂತು, ಚಹಾ ಕುಡದವ್ರಿಗಷ್ಟೇ ಹಾದಿ."

"ನೀವು ಹೇಳಿದ್ರಿ."

ಅವಳು ತಲೆ ಎತ್ತಲಿಲ್ಲ.

"ಶೌಕತ ಅಲಿ ಅಂತ ಹೈದರಾಬಾದಿಂದ ಬರೀತಿದ್ರು. ಶಿಲ್ಪದ ಮ್ಯಾಲ ಕಿತಾಬು ಬರ್ಯಾಕತ್ತೀನಿ, ಬರಾಕ ತಬ್ಯೇತು ಸರಿ ಇಲ್ಲ, ಹಾದಿ ತಿಳಿಸಿದ್ರ ನನ್ನ ಶಾಗೀರ್ದ, ಶಿಷ್ಯನ್ನ ಕಳಸ್ತೀನಿ ಅಂತ. ಭಾಳ ಚಂದ ಉರ್ದು. ಒಂದು ಸಲ ಬರದಿದ್ರು, ಜನಾಬ್, ನಿಮ್ಮ ಅಕ್ಷರ ಮುತ್ತು ಪೋಣಿಸಿದಂಗ ಅದಾವ ಅಂತ." ಸ್ವಲ್ಪ ತಡೆದಳು. "ಅವು ಅಬ್ಬಾನ ಅಕ್ಷರ ಅಲ್ಲ, ನನ್ನವು. ನನ್ನ ಮುಂದ ಯಾರೂ ಅಂಥಾ ಮಾತು ಆಡಿರಲಿಲ್ಲ. ಅಬ್ಬಾಗ ಕಾಣ್ತಿರಲಿಲ್ಲ. ಕೆಳಗ ಎರಡು ಸಾಲು ಜಾಸ್ತಿ ಬರದು ಹಾದಿ ಹೇಳಿದೆ. ಮೂರು ಸಲ."

ಗುರುಲಿಂಗಯ್ಯನಿಗೆ ಬೈಯಲು ಬಾಯಿ ಬರಲಿಲ್ಲ. ಮೂವತ್ನಾಲ್ಕು ವರ್ಷ ಯಾರೂ ಹೊಗಳದ ಹೆಣ್ಣಿಗೆ ಒಂದು ಪೋಸ್ಟ್ ಕಾರ್ಡಿನಲ್ಲಿ ಬಂದ ಹೊಗಳಿಕೆ. ಪಾಪ, ಅವಳಿಗೆ ಆ ಹೆಸರಿನ ಮನುಷ್ಯ ಇದ್ದಾನೋ ಇಲ್ಲವೋ ಅದೂ ಗೊತ್ತಿರಲಿಲ್ಲ.

"ಆಡಕಿ ಕಲ್ಲೂ ಹೋತು ಅಂತ ತಿಳಿದ ದಿನ ಅಬ್ಬಾ ಆ ಮೂರು ಕಾರ್ಡು ತಗಸಿ, ಹಿಂದ ಬರದ ಹೆಸರು ಓದು ಅಂದ್ರು. ಓದಿದೆ. ಮೂರಕ್ಕೂ ಒಂದೇ ಹೆಸರು. ಆಮ್ಯಾಲ ಕೇಳಿದ್ರು, ಬೇಟಾ, ಹಾದಿ ಹೇಳಿದೇನು? ನಾ ಸುಳ್ಳು ಹೇಳಲಿಲ್ಲ. ಬೈಲಿಲ್ರಿ. ಹೊಡೀಲಿಲ್ಲ. ಮೂರೂ ಕಾರ್ಡು ತಾವೇ ಕೋಟಿನ ಒಳಗಿನ ಕಿಸೆದಾಗ ಇಟ್ಟುಕೊಂಡ್ರು. ಇನ್ನ ಯಾರೂ ನಿನ್ನ ಅಕ್ಷರ ನೋಡಬಾರದು ಅಂದ್ರು."

ಹೆಣದ ಮೈಮೇಲಿನ ಕೋಟಿನಲ್ಲಿ ಕನ್ನಡಕ, ನಶ್ಯದ ಡಬ್ಬಿ, ಒಂದೂಕಾಲು ರೂಪಾಯಿ ಚಿಲ್ಲರೆ ಇದ್ದವು. ಕಾರ್ಡಿನ ಚೂರೂ ಇರಲಿಲ್ಲ. ಗುರುಲಿಂಗಯ್ಯ ಅದನ್ನು ಮನಸ್ಸಿನಲ್ಲೇ ಗುರುತು ಹಾಕಿಕೊಂಡ.

"ಬರಕೋರಿ ಸಾಹೇಬ್ರ," ನೂರಜಹಾನಳ ದನಿ ಒಮ್ಮೆಲೇ ಗಟ್ಟಿಯಾಯಿತು. "ಕಳ್ಳರಿಗೆ ಹಾದಿ ಹೇಳಿದಾಕಿ ನಾನು. ಅಬ್ಬಾಗ ಗೊತ್ತಾತು. ಪೊಲೀಸರಿಗೆ ಹೇಳ್ತಾರಂತ ಹೆದರಿ, ಅವರನ್ನ ಶಹಾಬಾದಿಗೆ ಕರಕೊಂಡು ಹೋದಾಕಿನೂ ನಾನು. ಖಣಿ ದಂಡ್ಯಾಗ ಕೈ ಬಿಟ್ಟೆ. ಬರಕೋರಿ, ಸಹಿ ಮಾಡ್ತೀನಿ."

ಗುರುಲಿಂಗಯ್ಯ ಚೀಲದಿಂದ ಕಾಗದ ತೆಗೆದ, ಪೆನ್ನಿನ ಮುಚ್ಚಳ ಬಿಚ್ಚಿದ, ಅವಳು ಹೇಳಿದ್ದನ್ನೆಲ್ಲ ಬರೆದುಕೊಂಡ. ಈ ಕಾಗದ ಸಾಕು. ಕರೀಮ್ ಸಾಹೇಬರ ಹೆಸರಿಗಂಟಿದ ಕಳಂಕ ಇವತ್ತೇ ತೊಳೆದುಹೋಗುತ್ತದೆ, ಸರ್ಕಲ್ ಸಾಹೇಬರು ಬೆನ್ನು ತಟ್ಟುತ್ತಾರೆ, ಫೈಲು ಮುಚ್ಚುತ್ತದೆ. ಆ ಮಧ್ಯಾಹ್ನ ಅವಳು ನಾಲ್ಕನೇ ಇಯತ್ತೆಯ ಕರಿಹಲಗೆಯ ಮುಂದೆ ನಿಂತಿದ್ದಳು ಎಂಬುದೊಂದೇ ಅಡ್ಡಿ.

ಅವಳು ಸಹಿ ಹಾಕಿದಳು. ಮುತ್ತಿನಂಥ ಅಕ್ಷರವೇ, ಸುಳ್ಳಲ್ಲ.

"ಬಾಯಾರ, ಅಬ್ಬಾಗ ಪೂರಾ ಕತ್ತಲಾಗಿದ್ದು ಯಾವಾಗಿಂದ?"

ಈ ಪ್ರಶ್ನೆಯನ್ನು ಅವಳು ನಿರೀಕ್ಷಿಸಿರಲಿಲ್ಲ.

"ಜನವರಿ ತಿಂಗಳು. ಥಂಡಿ ಇತ್ತು. ಸೂರ್ಯ ಅಂಗಳಕ್ಕ ಬಂದಿದ್ದ. ಅಬ್ಬಾ ಎದ್ದು ಕುಂತು, ಬೇಟಾ, ಇನ್ನಾ ಕಂದೀಲು ಯಾಕ ಹಚ್ಚಿಲ್ಲ ಅಂದ್ರು." ತುಟಿ ಕಚ್ಚಿ ಹಿಡಿದರೂ ಅಳು ಬಂದೇಬಿಟ್ಟಿತು. "ನಾ ಏನೂ ಅನಲಿಲ್ಲ. ಬಿಸಲಾಗ ಕಂದೀಲು ಹಚ್ಚಿ ಮುಂದ ಇಟ್ಟೆ. ಶಾಖ ತಟ್ಟಿತು, ಬೆಳಕು ಕಾಣಲಿಲ್ಲ. ಆವಾಗ ತಿಳೀತು ಅವರಿಗೆ."

ಗುರುಲಿಂಗಯ್ಯ ಪೆನ್ನಿನ ಮುಚ್ಚಳ ಹಾಕಿದ.

"ಯಾರ್ಯಾರಿಗೆ ಹೇಳಿದ್ರಿ?"

"ಯಾರಿಗೂ ಇಲ್ಲ. ಕುರುಡ ಮಾಡಿದ ಪಟ್ಟಿ ಅಂದ್ರ ಯಾರು ನಂಬತಾರ, ಅಂತ ಆಣಿ-ಕಸಮು ಹಾಕಿಸಿಕೊಂಡಿದ್ರು. ಮಸೂದಿಗೆ ಹೆಜ್ಜಿ ಎಣಿಸಿ ಹೋಗ್ತಿದ್ರು. ಯಾರರೆ ಬಂದ್ರ ಕನ್ನಡಕ ಹಾಕ್ಕೊಂಡು, ಪೇಪರು ಕೈಯಾಗ ಹಿಡಕೊಂಡು ಕುಂದ್ರತಿದ್ರು. ಓಣಿ ಮಂದಿಗೂ ಗೊತ್ತಿಲ್ಲ. ನನಗೊಬ್ಬಾಕಿಗೇ ಗೊತ್ತು."

"ಜಗದೇವಪ್ಪ ಮಾಸ್ತರಿಗೆ?"

"ಅವರು ದೀಪಾವಳಿ ಆದ ಮ್ಯಾಲ ಅಬ್ಬಾ ಇರೂತನಕ ಬಂದೇ ಇಲ್ಲಲ್ರಿ. ಏನೋ ಮಾತಿಗೆ ಮಾತು ಬೆಳದಿತ್ತು ಇಬ್ಬರದೂ. ಬಂದಿಲ್ಲ ಅಂತ ಅಬ್ಬಾ ಭಾಳ ಕೊರಗ್ತಿದ್ರು."

ದೀಪಾವಳಿಯ ಪಾಡ್ಯದ ನಂತರ ಕರೀಮನನ್ನು ಕಾಣದ ಮನುಷ್ಯ, ಜನವರಿಯಲ್ಲಿ ಆವರಿಸಿದ ಕತ್ತಲೆಯನ್ನು ಮಜ್ಜಿಗೆ ಕುಡಿಯುತ್ತ ವಿವರಿಸಿದ್ದ. ಜನವರಿಯ ನಂತರ ಕರೀಮ್ ಸಾಹೇಬರನ್ನು ಹತ್ತಿರದಿಂದ ಕಾಣದೆ ಅದು ತಿಳಿಯುವಂತಿರಲಿಲ್ಲ.

"ಬಾಯಾರ, ನನ್ನ ಮುಖ ನೋಡಿ ಹೇಳ್ರಿ. ಆ ದಿನ ನೀವು ಇನ್ಸ್‌ಪೆಕ್ಟರ ಮುಂದ ಪಾಠ ಮಾಡಾಕತ್ತಿದ್ರಿ. ನಾ ಮಸ್ಟರ ನೋಡಿ ಬಂದೀನಿ. ನಿಮ್ಮ ಅಬ್ಬಾನ ಕೈ ಹಿಡಕೊಂಡು ಹೋದವ್ರು ನೀವಲ್ಲ. ಈ ಮಾತು ಹೇಳಂತ ನಿಮಗ ಯಾರು ಹೇಳಿಕೊಟ್ರು?"

ಅವಳ ಮುಖ ಬಿಳಿಚಿಕೊಂಡಿತು.

"ಮಾಸ್ತರು. ನಿನ್ನೆ ಸಂಜೀ ಗಾಡಿಗೆ ಬಂದಿದ್ರು. ನನ್ನ ತಲಿ ಮ್ಯಾಲ ಕೈ ಇಟ್ಟು ಅತ್ರು. ಅಬ್ಬಾನ ಕಣ್ಣಿನ ಸುದ್ದಿ ಪೊಲೀಸರಿಗೆ ಗೊತ್ತಾಗ್ಯಾದ ಅಂದ್ರು. ಪೊಲೀಸರು ಕರೀಮನ್ನ ಚೋರ ಅಂತ ಬರದು ಫೈಲು ಮುಚ್ಚತಾರ ಬೇಟಿ, ಆತನ ಹೆಸರು ಉಳೀಬೇಕಂದ್ರ ಇದೊಂದೇ ಹಾದಿ ಅಂದ್ರು. ತಪ್ಪಂತೂ ನಂದೇ ಅದಲ್ರಿ, ಅದಕ್ಕ ಹೂಂ ಅಂದೆ. ಅವರು ಅಬ್ಬಾನ ದೋಸ್ತರ್ರಿ. ಅಬ್ಬಾನ ಸಲುವಾಗೇ ಹೇಳ್ಯಾರ."

ಗುರುಲಿಂಗಯ್ಯ ಅವಳು ಸಹಿ ಹಾಕಿದ ಕಾಗದವನ್ನು ಮಡಚಿ ಹರಿದ. ಮತ್ತೆ ಮಡಚಿ ಮತ್ತೆ ಹರಿದ. ನೌಕರಿಗೆ ಸೇರಿ ಇಪ್ಪತ್ತು ವರ್ಷದಲ್ಲಿ ಸಹಿಯಾದ ಜಬಾನಿ ಹೇಳಿಕೆಯನ್ನು ಅವನು ಹರಿದದ್ದು ಇದೇ ಮೊದಲು.

ನೂರಜಹಾನ್ ಚೂರುಗಳನ್ನೇ ನೋಡುತ್ತಿದ್ದಳು. ಅವಳಿಗೆ ಇನ್ನೂ ಏನೂ ಅರ್ಥವಾದಂತಿರಲಿಲ್ಲ.

"ಅದನ್ನ ಹರದ್ರ ಏನು ಫಾಯದಾ ಸಾಹೇಬ್ರ? ಇಂಥದೇ ಒಂದು ಮಾಸ್ತರು ನಿನ್ನೆನೇ ಬರಸಿ, ನನ್ನ ಸಹಿ ತಗೊಂಡು ಹೋಗ್ಯಾರ. ಮುಂಜಾನಿ ಗಾಡಿಗೆ ಚಿತ್ತಾಪುರಕ್ಕ ಹೋಗಿ ಸರ್ಕಲ್ ಸಾಹೇಬರ ಕೈಯಾಗೇ ಕೊಡ್ತೀನಂದ್ರು. ಇಷ್ಟೊತ್ತಿಗೆ ಕೊಟ್ಟಿರಬೇಕು."

ಓಣಿಯ ತಿರುವಿನಲ್ಲಿ ಜೀಪು ಬಂದು ನಿಂತ ಸದ್ದಾಯಿತು. ಬೂಟುಗಾಲುಗಳು ಫರಸಿಯ ಮೇಲೆ ಇಳಿದವು.

ನೂರಜಹಾನ್ ಎದ್ದಳು. 'ಹಿಂದಲ ಬಾಗಿಲದಿಂದ ಹೋಗ್ರಿ' ಎನ್ನಲು ಗುರುಲಿಂಗಯ್ಯನ ನಾಲಿಗೆ ತುದಿಗೆ ಬಂತು, ಆದರೆ ಮೈಮೇಲಿನ ಖಾಕಿ ಅವನ ಬಾಯಿ ಕಟ್ಟಿತು. ಅವಳು ಮೊಳೆಗೆ ತೂಗುಹಾಕಿದ್ದ ಬುರ್ಖಾ ತೆಗೆದುಕೊಂಡು, ಶಾಲೆಗೆ ಹೊರಟವಳಂತೆ ನಿಧಾನವಾಗಿ ಗುಂಡಿ ಹಾಕಿಕೊಂಡಳು.

"ಈಗರೆ ಅಬ್ಬಾನ ಹೆಸರು ಬಿಡ್ತಾರಲ್ರಿ?" ಎಂದು ಕೇಳಿದಳು.